ರೇಸಿಮೇಟ್ ಮೊದಲು, ವೇಗವರ್ಧಕ ಆಮೇಲೆ

ಅಸಮ್ಮಿತ ಸಂಶ್ಲೇಷಣೆ (ದರ್ಪಣ ಬಿಂಬಗಳಂತಿರುವ ಎರಡು ಅಣುರೂಪಗಳಲ್ಲಿ ಬೇಕಾದ ಒಂದನ್ನೇ ತಯಾರಿಸುವುದು) ನನ್ನ ಕ್ಷೇತ್ರ ಎಂದ ಕೂಡಲೇ ರಸಾಯನಶಾಸ್ತ್ರ ಬಲ್ಲವರು ಕೇಳುವುದು ಎರಡೇ ಮಾತು: ಯಾವ ವೇಗವರ್ಧಕ, ಎಷ್ಟು ಇ.ಇ. (ಎನಾಂಟಿಯೋಮೆರಿಕ್ ಎಕ್ಸೆಸ್, ಅಂದರೆ ಒಂದು ರೂಪದ ಹೆಚ್ಚಳದ ಅಳತೆ)? ವೇಗವರ್ಧಕದ ಹೆಸರು ಹೇಳುವುದು ಸುಲಭ. ಆ ಇ.ಇ. ಅಂಕಿ ನಿಜವೇ, ನಿಜವಾಗಿದ್ದರೆ ಅದು ಏಕೆ ಬಂತು ಎಂದು ತಿಳಿದುಕೊಳ್ಳುವುದರಲ್ಲೇ ನನ್ನ ವೃತ್ತಿಜೀವನದ ಹೆಚ್ಚಿನ ಕಾಲ ಕಳೆದಿದೆ. ಈ ಭಾಗದ ಬಗ್ಗೆ ಸಂಶೋಧನಾ ಪ್ರಬಂಧಗಳಲ್ಲಿ ಒಂದೆರಡು ಸಾಲು ಸಿಕ್ಕಿದರೆ ಹೆಚ್ಚು. ಹೊಸದಾಗಿ ಈ ದಾರಿಗೆ ಬರುವವರಿಗೆ ನೆರವಾಗಲಿ ಎಂದು ನಾನು ಹೇಗೆ ಕೆಲಸ ಮಾಡುತ್ತೇನೆ ಎಂಬುದನ್ನು ಬರೆಯುತ್ತಿದ್ದೇನೆ.

ಹಿನ್ನೆಲೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಒಂದು ಇಂಗಾಲಕ್ಕೆ ನಾಲ್ಕು ಬೇರೆ ಬೇರೆ ಗುಂಪುಗಳು ಅಂಟಿಕೊಂಡಾಗ ಆ ಅಣುವಿಗೆ ಎರಡು ರೂಪಗಳು ಸಾಧ್ಯ. ಎಡಗೈ ಬಲಗೈಗಳಂತೆ ಒಂದು ಇನ್ನೊಂದರ ದರ್ಪಣ ಬಿಂಬ. 1848ರಲ್ಲಿ ಪಾಶ್ಚರ್ ಟಾರ್ಟರಿಕ್ ಆಮ್ಲದ ಲವಣದ ಹರಳುಗಳನ್ನು ಕೈಯಿಂದಲೇ ಬೇರ್ಪಡಿಸಿದ್ದು, 1874ರಲ್ಲಿ ವಾಂಟ್ ಹಾಫ್ ಮತ್ತು ಲೆ ಬೆಲ್ ಅದಕ್ಕೆ ಅಣುವಿನ ಆಕಾರದಲ್ಲಿ ಕಾರಣ ಕಂಡದ್ದು ಪಠ್ಯಪುಸ್ತಕಗಳಲ್ಲೇ ಇದೆ. ಎರಡು ರೂಪಗಳ ಕರಗುವ ಬಿಂದು ಒಂದೇ, ಅಣುವಿನ ರಚನೆ ತೋರಿಸುವ ಎನ್‌ಎಂಆರ್ ರೋಹಿತವೂ ಒಂದೇ. ಆದರೆ ನಮ್ಮ ಮೂಗಿನ ಗ್ರಾಹಕಗಳು ಸ್ವತಃ ಕೈರಲ್ (ಎಡ-ಬಲ ಭೇದವುಳ್ಳವು) ಆಗಿರುವುದರಿಂದ ಕಾರ್ವೋನ್‌ನ ಒಂದು ರೂಪ ಸ್ಪಿಯರ್‌ಮಿಂಟ್‌ನಂತೆಯೂ ಇನ್ನೊಂದು ಕ್ಯಾರವೇ ಬೀಜದಂತೆಯೂ ವಾಸನೆ ಕೊಡುತ್ತದೆ. ಔಷಧಗಳ ವಿಷಯದಲ್ಲೂ ಅಷ್ಟೇ. ಹಾಗಾಗಿ ಬೇಕಾದ ಒಂದೇ ರೂಪವನ್ನು ತಯಾರಿಸುವುದು ನಮ್ಮ ಕೆಲಸ. ಒಂದು ರೂಪ ಇನ್ನೊಂದಕ್ಕಿಂತ ಎಷ್ಟು ಹೆಚ್ಚಿದೆ ಎಂಬುದರ ಅಳತೆಯೇ ಇ.ಇ. ಶೇ. 90 ಇ.ಇ. ಎಂದರೆ 95ಕ್ಕೆ 5ರ ಅನುಪಾತ.

ಈ ಕ್ಷೇತ್ರ ನನ್ನನ್ನು ಹಿಡಿದಿಟ್ಟಿರುವುದಕ್ಕೆ ಕಾರಣ ಒಂದು ಸರಳ ಲೆಕ್ಕ. ಕೋಣೆಯ ಉಷ್ಣತೆಯಲ್ಲಿ ಶೇ. 90 ಇ.ಇ. ಬರಬೇಕಾದರೆ ಎರಡು ರೂಪಗಳಿಗೆ ಒಯ್ಯುವ ದಾರಿಗಳ ಶಕ್ತಿ ತಡೆಗಳ ನಡುವೆ ಪ್ರತಿ ಮೋಲ್‌ಗೆ ಸುಮಾರು 1.7 ಕಿಲೋಕ್ಯಾಲೊರಿ ವ್ಯತ್ಯಾಸ ಇದ್ದರೆ ಸಾಕು. ಶೇ. 99ಕ್ಕೆ ಸುಮಾರು 3.1. ಈಥೇನ್ ಅಣು ತನ್ನ ಇಂಗಾಲ–ಇಂಗಾಲ ಬಂಧದ ಸುತ್ತ ತಿರುಗಲು ದಾಟುವ ತಡೆಯೇ ಹತ್ತಿರ ಹತ್ತಿರ 3 ಕಿಲೋಕ್ಯಾಲೊರಿ! ಇಷ್ಟು ಚಿಕ್ಕ ಅಂತರದ ಮೇಲೆ ಇಡೀ ಫಲಿತಾಂಶ ನಿಂತಿದೆ. ದ್ರಾವಕದಲ್ಲಿ ಉಳಿದ ತೇವಾಂಶ, ಲೋಹದ ಲವಣದೊಳಗಿನ ಕಲ್ಮಶ, ಕಾರಕವನ್ನು ಸೇರಿಸುವ ವೇಗ, ಯಾವುದು ಬೇಕಾದರೂ ಅದನ್ನು ಅಲುಗಾಡಿಸಬಲ್ಲದು. 1968ರಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞ ನೋಲ್ಸ್ ವರದಿ ಮಾಡಿದ ತಮ್ಮ ಮೊದಲ ಅಸಮ್ಮಿತ ರೋಡಿಯಂ ಹೈಡ್ರೋಜನೀಕರಣದಲ್ಲಿ ಬಂದದ್ದು ಶೇ. 15 ಇ.ಇ. ಮಾತ್ರ. ಕೆಲವೇ ವರ್ಷಗಳಲ್ಲಿ ರೋಡಿಯಂಗೆ ಅಂಟಿದ ರಂಜಕದ ಸುತ್ತಣ ಗುಂಪುಗಳನ್ನು ಬದಲಿಸುತ್ತಾ ಹೋಗಿ, ಪಾರ್ಕಿನ್ಸನ್ ಕಾಯಿಲೆಯ ಔಷಧ ಎಲ್-ಡೋಪಾ ತಯಾರಿಕೆಯಲ್ಲಿ ಅವರು ಅದನ್ನು ಶೇ. 95ರ ವರೆಗೆ ಒಯ್ದರು. ಮೊದಲ ಅಂಕಿ ನೋಡಿ ಕೈಬಿಟ್ಟಿದ್ದರೆ ಏನಾಗುತ್ತಿತ್ತು ಎಂದು ನಾನು ಆಗಾಗ ಯೋಚಿಸುತ್ತೇನೆ.

ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗ ನಾನು ಕಲಿತದ್ದು ಕೈರಲ್ ಸಹಾಯಕ ಗುಂಪುಗಳ ರಸಾಯನಶಾಸ್ತ್ರ. ಅಮೈನೋ ಆಮ್ಲದಿಂದ ಮಾಡಿದ ಆಕ್ಸಜೋಲಿಡಿನೋನ್ ಅನ್ನು ಅಣುವಿಗೆ ಜೋಡಿಸಿ, ಆಲ್ಡಾಲ್ ಕ್ರಿಯೆ (ಇಂಗಾಲ–ಇಂಗಾಲ ಬಂಧ ಕಟ್ಟುವ ಕ್ರಿಯೆ) ಮಾಡಿ, ಕೊನೆಗೆ ಕಿತ್ತು ತೆಗೆಯುವುದು. ಅಲ್ಲಿ ಒಂದು ನೆಮ್ಮದಿ ಇತ್ತು: ಬರುವ ಉತ್ಪನ್ನಗಳು ಡಯಾಸ್ಟಿರಿಯೋಮರ್‌ಗಳಾದ್ದರಿಂದ (ಪರಸ್ಪರ ದರ್ಪಣ ಬಿಂಬಗಳಲ್ಲದ ರೂಪಗಳಾದ್ದರಿಂದ) ಎನ್‌ಎಂಆರ್‌ನಲ್ಲಿ ಬೇರೆ ಬೇರೆಯಾಗಿ ಕಾಣುತ್ತಿದ್ದವು, ಕಾಲಮ್‌ನಲ್ಲೂ ಬೇರ್ಪಡುತ್ತಿದ್ದವು. ವೇಗವರ್ಧಕಗಳ ಕಡೆ ತಿರುಗಿದಾಗ ಆ ನೆಮ್ಮದಿ ಹೋಯಿತು. ಕೈಯಲ್ಲಿರುವ ಪುಡಿಯಲ್ಲಿ ಒಂದೇ ರೂಪವಿದೆಯೋ ಎರಡೂ ಸಮಪಾಲಿನಲ್ಲಿವೆಯೋ ಎಂದು ಸಾಮಾನ್ಯ ಉಪಕರಣಗಳು ಹೇಳುವುದಿಲ್ಲ. ಧ್ರುವೀಕೃತ ಬೆಳಕನ್ನು ಮಾದರಿ ಎಷ್ಟು ತಿರುಗಿಸುತ್ತದೆ ಎಂದು ಅಳೆಯುವ ಪೋಲಾರಿಮೀಟರ್ ಹೇಳುತ್ತದೆ, ಆದರೆ ಬೆಳಕನ್ನು ಹೆಚ್ಚು ತಿರುಗಿಸುವ ಒಂದು ಚೂರು ಕಲ್ಮಶ ಸೇರಿದ್ದರೂ ಅದರ ಮಾತು ತಪ್ಪುತ್ತದೆ.

ಆದ್ದರಿಂದ ಯಾವುದೇ ಹೊಸ ಕ್ರಿಯೆಗೆ ಕೈ ಹಾಕುವ ಮೊದಲು ನಾನು ಮಾಡುವ ಕೆಲಸ ಉತ್ಪನ್ನದ ರೇಸಿಮಿಕ್ ಮಾದರಿಯನ್ನು, ಅಂದರೆ ಎಡ-ಬಲ ರೂಪಗಳು ಸಮಪಾಲಿನಲ್ಲಿರುವ ರೇಸಿಮೇಟನ್ನು ತಯಾರಿಸುವುದು. ಅಕೈರಲ್ (ಎಡ-ಬಲ ಭೇದವಿಲ್ಲದ) ವೇಗವರ್ಧಕ ಬಳಸಿಯೋ, ಲೋಹಕ್ಕೆ ಅಂಟಿಕೊಳ್ಳುವ ಅಣುಗಳಾದ ಎಡ-ಬಲ ಲಿಗ್ಯಾಂಡ್‌ಗಳನ್ನು ಸಮವಾಗಿ ಬೆರೆಸಿಯೋ ಮಾಡಬಹುದು. ನನಗೆ ಮೊದಲನೆಯದೇ ಹೆಚ್ಚು ಇಷ್ಟ. ಆ ಮಾದರಿಯನ್ನು ಕೈರಲ್ ಎಚ್‌ಪಿಎಲ್‌ಸಿ ಕಾಲಮ್‌ನಲ್ಲಿ (ಒತ್ತಡದಲ್ಲಿ ದ್ರವ ಹರಿಸಿ ಎಡ-ಬಲ ರೂಪಗಳನ್ನು ಬೇರ್ಪಡಿಸುವ ಕೊಳವೆ) ಹಾಯಿಸುತ್ತೇನೆ. ಸೆಲ್ಯುಲೋಸ್ ಅಥವಾ ಅಮೈಲೋಸ್‌ನ ಕಾರ್ಬಮೇಟ್ ಲೇಪಿಸಿದ ಸಿಲಿಕಾ ಅದರೊಳಗೆ ಇರುತ್ತದೆ, ಹರಿಸುವುದು ಹೆಕ್ಸೇನ್ ಮತ್ತು ಐಸೊಪ್ರೊಪನಾಲ್ ಮಿಶ್ರಣ. ಬರುವ ನಕ್ಷೆಯಲ್ಲಿ ಎರಡು ರೂಪಗಳ ಶಿಖರಗಳು ತಳದವರೆಗೆ ಪೂರ್ತಿ ಬೇರ್ಪಡಬೇಕು, ಅವುಗಳ ವಿಸ್ತೀರ್ಣ ಸರಿಯಾಗಿ 50:50 ಇರಬೇಕು. 52:48 ಬಂದರೆ ಒಂದು ಶಿಖರದ ಅಡಿಯಲ್ಲಿ ಮತ್ತೇನೋ ಅಡಗಿದೆ ಎಂದೇ ಅರ್ಥ. ಆ ಕಾಲಮ್ ಬಿಟ್ಟು ಇನ್ನೊಂದನ್ನು ಹುಡುಕಬೇಕು. ಈ ಹುಡುಕಾಟ ಕೆಲವೊಮ್ಮೆ ಮೂಲ ಕ್ರಿಯೆಗಿಂತ ಹೆಚ್ಚು ಸಮಯ ತಿನ್ನುತ್ತದೆ. ತಿನ್ನಲಿ.

ಒಳ್ಳೆಯ ಫಲಿತಾಂಶ ಬಂದ ಮೇಲೆ ವೇಗವರ್ಧಕದ ವಿರುದ್ಧ ರೂಪ ಹಾಕಿ ಅದೇ ಕ್ರಿಯೆಯನ್ನು ಮತ್ತೆ ಮಾಡುತ್ತೇನೆ. ಈಗ ಶಿಖರಗಳು ಅದಲುಬದಲಾಗಬೇಕು, ಅನುಪಾತ ಮಾತ್ರ ಹಾಗೆಯೇ ಉಳಿಯಬೇಕು. ನನ್ನ ಪ್ರಯೋಗಾಲಯದಲ್ಲಿ ಇದಕ್ಕಿಂತ ಬೆಲೆಬಾಳುವ ಪರೀಕ್ಷೆ ಇನ್ನೊಂದಿಲ್ಲ. ಇ.ಇ. ಅಳೆಯಲು ಹರಳುಗಟ್ಟಿಸಿದ ಮಾದರಿಯನ್ನು ಕೊಡಬಾರದು, ಏಕೆಂದರೆ ಹರಳು ಮತ್ತು ಉಳಿದ ದ್ರಾವಣಗಳ ಇ.ಇ. ಬೇರೆ ಬೇರೆ ಆಗಬಹುದು. ಸಾಮಾನ್ಯ ಸಿಲಿಕಾ ಕಾಲಮ್‌ನಲ್ಲೂ ಕೆಲವು ಸಂಯುಕ್ತಗಳ ಮೊದಲ ಮತ್ತು ಕೊನೆಯ ಭಾಗಗಳ ಇ.ಇ. ಒಂದೇ ಇರುವುದಿಲ್ಲ. ಹಾಗಾಗಿ ಶುದ್ಧೀಕರಣಕ್ಕೆ ಮೊದಲು, ಇಲ್ಲವೇ ಎಲ್ಲ ಭಾಗಗಳನ್ನೂ ಒಟ್ಟು ಸೇರಿಸಿದ ಮೇಲೆ ಮಾದರಿ ತೆಗೆಯುವುದು ನಮ್ಮ ಪದ್ಧತಿ.

ನಂತರದ ಪ್ರಶ್ನೆ: ವೇಗವರ್ಧಕ ಇಲ್ಲದೆಯೂ ಈ ಕ್ರಿಯೆ ನಡೆಯುತ್ತದೆಯೇ? ನಡೆದರೆ ಆ ದಾರಿಯಲ್ಲಿ ಬರುವುದೆಲ್ಲ ರೇಸಿಮಿಕ್. ಲಿಗ್ಯಾಂಡ್ ಹಿಡಿಯದೆ ಉಳಿದ ಲೋಹವೂ ಅದೇ ಕೆಲಸ ಮಾಡುತ್ತದೆ. ಶಾರ್ಪ್‌ಲೆಸ್ ಮತ್ತು ಕಾಟ್ಸುಕಿ 1980ರಲ್ಲಿ ಪ್ರಕಟಿಸಿದ ಎಪಾಕ್ಸಿಡೀಕರಣ (ಇಂಗಾಲಗಳ ಜೋಡಿ ಬಂಧಕ್ಕೆ ಆಮ್ಲಜನಕ ಸೇರಿಸುವ ಕ್ರಿಯೆ) ಈ ತೊಡಕನ್ನು ಎಷ್ಟು ಸೊಗಸಾಗಿ ಬಿಡಿಸಿತು ನೋಡಿ: ಟೈಟೇನಿಯಂ ಐಸೊಪ್ರೊಪಾಕ್ಸೈಡ್‌ಗೆ ಕೈರಲ್ ಲಿಗ್ಯಾಂಡ್ ಆದ ಟಾರ್ಟರೇಟ್ ಸೇರಿದಾಗ ಕ್ರಿಯೆಯ ವೇಗವೇ ಹೆಚ್ಚುತ್ತದೆ, ಆದ್ದರಿಂದ ಬರಿಯ ಟೈಟೇನಿಯಂ ಹಿಂದೆ ಬೀಳುತ್ತದೆ. ಟಾರ್ಟರೇಟನ್ನು ಲೋಹಕ್ಕಿಂತ ತುಸು ಹೆಚ್ಚು ಹಾಕುವುದೂ ಇದೇ ಕಾರಣಕ್ಕೆ. ಆಮೇಲೆ ಆಣ್ವಿಕ ಜರಡಿ ಹಾಕಿ ನೀರನ್ನು ಹೀರಿದಾಗ ಟೈಟೇನಿಯಂ ಶೇ. 5ರಿಂದ 10ರಷ್ಟಿದ್ದರೂ ಸಾಕಾಯಿತು. ನಾನು ಲಿಗ್ಯಾಂಡ್ ಆರಿಸುವಾಗ ಇ.ಇ. ನೋಡುವ ಮೊದಲು ಅದು ಕ್ರಿಯೆಯನ್ನು ವೇಗಗೊಳಿಸುತ್ತದೆಯೋ ನಿಧಾನಗೊಳಿಸುತ್ತದೆಯೋ ಎಂದು ನೋಡುತ್ತೇನೆ.

ಫ್ಲಾಸ್ಕಿನೊಳಗೆ ನಿಜವಾಗಿ ಯಾರು ಕೆಲಸ ಮಾಡುತ್ತಿದ್ದಾರೆ ಎಂಬುದು ಈ ವಿಜ್ಞಾನದ ಅತ್ಯಂತ ಸುಂದರ ಭಾಗ. ಕಾಗದದ ಮೇಲೆ ಒಂದು ಲೋಹ, ಒಂದು ಲಿಗ್ಯಾಂಡ್ ಬರೆಯುತ್ತೇವೆ. ದ್ರಾವಣದಲ್ಲಿ ಅವು ಜೋಡಿಯಾಗಿರಬಹುದು. 1986ರಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಕಗಾನ್ ತೋರಿಸಿದ ದಾರಿ ಹಿಡಿದು ನಾವು ಅದನ್ನು ಪರೀಕ್ಷಿಸುತ್ತೇವೆ: ಶೇ. 20, 40, 60, 80 ಇ.ಇ. ಇರುವ ಲಿಗ್ಯಾಂಡ್ ಮಾದರಿಗಳಿಂದ ಕ್ರಿಯೆ ನಡೆಸಿ, ಉತ್ಪನ್ನದ ಇ.ಇ.ಯನ್ನು ನಕ್ಷೆಯಲ್ಲಿ ಗುರುತಿಸುತ್ತೇವೆ. ನೇರ ರೇಖೆ ಬಂದರೆ ಒಂಟಿ ಅಣುವಿನ ಕೆಲಸ ಇರಬಹುದು. ರೇಖೆ ಬಾಗಿದರೆ ಅಲ್ಲಿ ಗುಂಪು ಸೇರಿದೆ. ಬೆಂಜಾಲ್ಡಿಹೈಡ್‌ಗೆ ಡೈಈಥೈಲ್ ಸತುವನ್ನು ಸೇರಿಸುವ ನೊಯೊರಿಯವರ ಕ್ರಿಯೆಯಲ್ಲಿ ಶೇ. 15 ಇ.ಇ. ಇರುವ ಅಮೈನೋ ಆಲ್ಕೊಹಾಲ್ ಲಿಗ್ಯಾಂಡ್ ಶೇ. 95 ಇ.ಇ.ಯ ಉತ್ಪನ್ನ ಕೊಡುತ್ತದೆ! ಎಡ ಮತ್ತು ಬಲ ರೂಪಗಳು ಸೇರಿ ಆದ ಜೋಡಿ ತುಂಬಾ ಸ್ಥಿರವಾಗಿ ಸುಮ್ಮನೆ ಕುಳಿತುಬಿಡುತ್ತದೆ, ಹೆಚ್ಚಿಗೆ ಉಳಿದ ರೂಪ ಮಾತ್ರ ಕೆಲಸಕ್ಕೆ ಇಳಿಯುತ್ತದೆ. ನನ್ನದೇ ಒಂದು ತಾಮ್ರದ ವ್ಯವಸ್ಥೆಯಲ್ಲಿ ರೇಖೆ ಮೇಲಕ್ಕೆ ಬಾಗಿದ ದಿನ, ಅದುವರೆಗೆ ನಾವು ಬರೆದುಕೊಂಡಿದ್ದ ರಚನೆಯನ್ನು ಅಳಿಸಿ ಹೊಸದಾಗಿ ಯೋಚಿಸಲು ಕುಳಿತೆವು. ಅಂಥ ಸಂತೋಷ ಹೊಸ ದಾಖಲೆಯ ಇ.ಇ. ಬಂದಾಗಲೂ ನನಗೆ ಆಗಿಲ್ಲ.

ತಂಪು ಮಾಡಿದಷ್ಟೂ ಆಯ್ಕೆ ಚೆನ್ನಾಗುತ್ತದೆ ಎಂಬ ನಂಬಿಕೆ ಎಲ್ಲೆಡೆ ಇದೆ. ಶಕ್ತಿ ವ್ಯತ್ಯಾಸ ಬದಲಾಗದಿದ್ದರೆ, ಕೋಣೆಯ ಉಷ್ಣತೆಯಲ್ಲಿ ಶೇ. 90 ಇದ್ದದ್ದು ಒಣ ಮಂಜುಗಡ್ಡೆಯ ಮೈನಸ್ 78 ಡಿಗ್ರಿಯಲ್ಲಿ ಸುಮಾರು ಶೇ. 98 ಆಗಬೇಕು. ಆದರೆ ರೋಡಿಯಂ ಹೈಡ್ರೋಜನೀಕರಣದಲ್ಲಿ ಹಾಲ್ಪರ್ನ್ ಕಂಡದ್ದು ಬೇರೆ. ಅಲ್ಲಿ ಹೆಚ್ಚು ಪ್ರಮಾಣದಲ್ಲಿರುವ, ಹರಳಾಗಿ ಬೇರ್ಪಡಿಸಬಹುದಾದ ಮಧ್ಯವರ್ತಿ (ಕ್ರಿಯೆಯ ನಡುವೆ ಹುಟ್ಟುವ ಅಣು) ಮುಖ್ಯ ಉತ್ಪನ್ನವನ್ನು ಕೊಡುವುದೇ ಇಲ್ಲ. ಅಲ್ಪ ಪ್ರಮಾಣದ, ಕಡಿಮೆ ಸ್ಥಿರವಾದ ಇನ್ನೊಂದು ಮಧ್ಯವರ್ತಿ ಹೈಡ್ರೋಜನ್ ಜೊತೆ ಎಷ್ಟೋ ಪಟ್ಟು ವೇಗವಾಗಿ ವರ್ತಿಸಿ ಗೆಲ್ಲುತ್ತದೆ. ಒತ್ತಡ ಹೆಚ್ಚಿಸಿದರೆ ಅಥವಾ ತಂಪು ಮಾಡಿದರೆ ಎರಡರ ನಡುವಿನ ಅದಲುಬದಲು ಸಾಲದಾಗಿ ಇ.ಇ. ಇಳಿಯುತ್ತದೆ. ಹೀಗಾಗಿ ಉಷ್ಣತೆಯನ್ನು ಎರಡೂ ದಿಕ್ಕಿನಲ್ಲಿ ಬದಲಿಸಿ ನೋಡಬೇಕೆಂದು ವಿದ್ಯಾರ್ಥಿಗಳಿಗೆ ಪಟ್ಟು ಹಿಡಿದು ಹೇಳುತ್ತೇನೆ.

ಲೋಹಗಳಿಂದ ಸಾವಯವ ವೇಗವರ್ಧಕಗಳತ್ತ ನಾನು ಸರಿದದ್ದು ಲಿಸ್ಟ್ ಮತ್ತು ಮ್ಯಾಕ್‌ಮಿಲನ್ 2000ದಲ್ಲಿ ಪ್ರಕಟಿಸಿದ ಕೆಲಸ ಓದಿದ ಮೇಲೆ. ಪ್ರೋಲಿನ್‌ನಂಥ ಸಾದಾ ಅಮೈನೋ ಆಮ್ಲ ಆಲ್ಡಾಲ್ ಕ್ರಿಯೆಗೆ ಸಾಕು ಎಂಬುದು ಅಂದು ಬೆರಗು ಹುಟ್ಟಿಸಿತು. ಗಾಳಿ, ತೇವಗಳ ಭಯ ಬಹಳ ಮಟ್ಟಿಗೆ ತಗ್ಗಿತು, ವೇಗವರ್ಧಕದ ಪ್ರಮಾಣ ಮಾತ್ರ ಏರಿತು. ಅಳತೆಯ ಕ್ರಮ ಒಂದಿಷ್ಟೂ ಬದಲಾಗಲಿಲ್ಲ.

ಈಗ ನಮ್ಮ ಗುಂಪು ಅಕ್ಷೀಯ ಕೈರಾಲಿಟಿ ಇರುವ ಬೈಅರೈಲ್‌ಗಳ (ಬೆಂಜೀನ್‌ನಂಥ ಎರಡು ವಲಯಗಳು ಒಂದು ಬಂಧದಿಂದ ಸೇರಿದ ಅಣುಗಳ) ಮೇಲೆ ಕೆಲಸ ಮಾಡುತ್ತಿದೆ. ಇವುಗಳಲ್ಲಿ ನಾಲ್ಕು ಗುಂಪುಗಳ ಇಂಗಾಲ ಇಲ್ಲ. ಎರಡು ವಲಯಗಳು ಪರಸ್ಪರ ತಿರುಗಲಾಗದೆ ಸಿಕ್ಕಿಕೊಂಡಿರುವುದರಿಂದಲೇ ಎಡ-ಬಲ ಹುಟ್ಟುತ್ತದೆ. ನೊಯೊರಿಯವರ ಪ್ರಸಿದ್ಧ ಲಿಗ್ಯಾಂಡ್ ಬೈನ್ಯಾಪ್ ಕೂಡ ಈ ಜಾತಿಯದೇ. ತಿರುಗುವ ತಡೆ ಸುಮಾರು 22 ಕಿಲೋಕ್ಯಾಲೊರಿ ಇದ್ದರೆ ಕೋಣೆಯ ಉಷ್ಣತೆಯಲ್ಲಿ ಇ.ಇ. ಅರ್ಧಕ್ಕೆ ಇಳಿಯುವ ಕಾಲ, ಅಂದರೆ ಅರ್ಧಾಯುಷ್ಯ, ಕಾಲು ಗಂಟೆಯ ಆಸುಪಾಸು ಮಾತ್ರ. ಅಂಥ ಅಣುವನ್ನು 80 ಡಿಗ್ರಿಯಲ್ಲಿ ಮಾಡಲು ಹೊರಟರೆ ಎಷ್ಟೇ ಒಳ್ಳೆಯ ವೇಗವರ್ಧಕವಿದ್ದರೂ ಉತ್ಪನ್ನ ರೇಸಿಮಿಕ್ ಆಗಿಯೇ ಕೈಗೆ ಬರುತ್ತದೆ. ಅದಕ್ಕೇ ಮೊದಲು ರೇಸಿಮೇಟ್ ತಯಾರಿಸಿ, ಕೈರಲ್ ಕಾಲಮ್‌ನಲ್ಲಿ ಒಂದು ರೂಪವನ್ನು ಸ್ವಲ್ಪ ಬೇರ್ಪಡಿಸಿ, ಟಾಲ್ವೀನ್‌ನಲ್ಲಿ ಬಿಸಿ ಮಾಡಿ, ನಡುನಡುವೆ ಮಾದರಿ ತೆಗೆದು ಇ.ಇ. ಎಷ್ಟು ಬೇಗ ಇಳಿಯುತ್ತದೆ ಎಂದು ಅಳೆಯುತ್ತೇವೆ. ಆ ತಡೆ ತಿಳಿದ ಮೇಲೆಯೇ ಯಾವ ಉಷ್ಣತೆಯಲ್ಲಿ, ಯಾವ ವೇಗವರ್ಧಕದಿಂದ ಆರಂಭಿಸಬೇಕು ಎಂಬ ಚರ್ಚೆ ಶುರುವಾಗುತ್ತದೆ.