ಎಂಟು ಬಟನ್‌ಗಳಲ್ಲಿ ಐದೇ ಸಾಕಾದದ್ದು

ಧಾರೆಯ ಹೊತ್ತಿನ ಫೋಟೋಗಳಲ್ಲಿ ಅಕ್ಷತೆ ಕಾಳು ಎಲ್ಲಿ ಬಂದು ಕೂರುತ್ತದೆ ಎಂಬುದು ಯಾರ ಕೈಯಲ್ಲೂ ಇಲ್ಲ. ಕೂದಲಲ್ಲಿ, ಬಾಸಿಂಗದ ಮೇಲೆ, ಸೀರೆಯ ನೆರಿಗೆಯಲ್ಲಿ ಇದ್ದರೆ ಚೆಂದ. ಅವನ್ನು ನಾನು ಮುಟ್ಟುವುದಿಲ್ಲ. ಆದರೆ ರೆಪ್ಪೆಯ ಮೇಲೋ ಮೂಗುತಿಯ ಪಕ್ಕದಲ್ಲೋ ಒಂದು ಕಾಳು ಅಂಟಿಕೊಂಡರೆ ದೊಡ್ಡ ಆಲ್ಬಂನಲ್ಲಿ ಅದು ಗುಳ್ಳೆಯಂತೆ ಕಾಣುತ್ತದೆ. ಅಂಥ ಕಾಳುಗಳನ್ನು ತೆಗೆಯುವುದು ನನ್ನ ಕೆಲಸ. ದಾವಣಗೆರೆಯ ಒಂದು ಸ್ಟುಡಿಯೊದಲ್ಲಿ ಕುಳಿತು ಮದುವೆಯ ಫೋಟೋ ತಿದ್ದುತ್ತಾ ಹನ್ನೊಂದು ವರ್ಷ ಕಳೆದಿದ್ದೇನೆ.

ಒಂದು ಕಾಳು ತೆಗೆಯಲು ಏನೇನು ಮಾಡಬೇಕು ನೋಡಿ. ಫೋಟೋಶಾಪ್‌ನಲ್ಲಿ ಕಲೆ ಮುಚ್ಚುವ ಹೀಲಿಂಗ್ ಬ್ರಷ್ ಹಿಡಿದು, ಎಡಗೈಯಲ್ಲಿ ಕೀಬೋರ್ಡಿನ ಆಲ್ಟ್ ಒತ್ತಿ, ಪೆನ್ನಿನ ತುದಿಯಿಂದ ಪಕ್ಕದ ಚರ್ಮವನ್ನು ಮುಟ್ಟಿ ಮಾದರಿ ತೆಗೆದುಕೊಳ್ಳಬೇಕು. ಆಲ್ಟ್ ಬಿಟ್ಟು ಕಾಳಿನ ಮೇಲೆ ಬಳಿಯಬೇಕು. ಅರ್ಧ ಬಳಿಯುವಷ್ಟರಲ್ಲಿ ಕೆನ್ನೆಯ ಬೆಳಕು ಬದಲಾಗಿರುತ್ತದೆ, ಹಾಗಾಗಿ ಮತ್ತೆ ಆಲ್ಟ್, ಮತ್ತೆ ಮಾದರಿ. ಒಂದು ಮುಖಕ್ಕೆ ನಲವತ್ತು ಐವತ್ತು ಸಲ ಇದು ನಡೆಯುತ್ತದೆ. ನನ್ನ ಕೀಬೋರ್ಡ್ ಟ್ಯಾಬ್ಲೆಟ್‌ನ, ಅಂದರೆ ಪೆನ್ ಆಡಿಸುವ ಹಲಗೆಯ, ಆಚೆ ಇರುತ್ತಿತ್ತು. ಲಗ್ನದ ದಿನಗಳು ಮುಗಿಯುವ ಹೊತ್ತಿಗೆ ಎಡಭುಜ ಸೆಟೆದುಕೊಂಡು, ರಾತ್ರಿ ಆ ಮಗ್ಗುಲಿಗೆ ಹೊರಳಲಾಗುತ್ತಿರಲಿಲ್ಲ. ಟ್ಯಾಬ್ಲೆಟ್‌ನ ಎಡಬದಿಯಲ್ಲಿ ಎಂಟು ಬಟನ್‌ಗಳು ಮೊದಲ ದಿನದಿಂದಲೂ ಇದ್ದವು. ಅವುಗಳಲ್ಲಿ ಒಂದನ್ನೂ ನಾನು ಬಳಸುತ್ತಿರಲಿಲ್ಲ.

ನನ್ನದು ವಾಕಮ್ ಇಂಟುಯೋಸ್ ಪ್ರೊ, ಮಧ್ಯಮ ಗಾತ್ರದ್ದು. ಮೇಲೆ ನಾಲ್ಕು ಬಟನ್, ನಡುವೆ ಬೆರಳಿನಿಂದ ಸವರುವ ಉಂಗುರ, ಕೆಳಗೆ ಮತ್ತೆ ನಾಲ್ಕು. ಪೆನ್ನಿನ ಮೈಮೇಲೆ ಎರಡು. ಮೊದಲ ಸಲ ಬಟನ್ ಹೊಂದಿಸಲು ಕುಳಿತಾಗ ಎಂಟಕ್ಕೂ ಎಂಟು ಕೆಲಸ ಹಂಚಿದೆ: ಹೊಸ ಲೇಯರ್, ಸೇವ್, ಎಲ್ಲ ಲೇಯರ್ ಕೂಡಿಸುವುದು, ಹೀಗೆ ನೆನಪಿಗೆ ಬಂದದ್ದೆಲ್ಲ. ಮೂರನೆಯ ದಿನಕ್ಕೆ ಯಾವುದು ಎಲ್ಲಿದೆ ಎಂದು ಕಣ್ಣು ತಗ್ಗಿಸಿ ನೋಡುವಂತಾಯಿತು. ಕಣ್ಣು ಪರದೆಯಿಂದ ಇಳಿದ ಮೇಲೆ ಬಟನ್ ಇದ್ದೂ ಉಪಯೋಗವಿಲ್ಲ.

ಆಗ ಬೇರೆ ದಾರಿ ಹಿಡಿದೆ. ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಂಡು, ಎರಡು ದಿನ ಎಡಗೈ ಯಾವ ಕೀಲಿಗೆ ಹೋಗುತ್ತದೋ ಅದರ ಮುಂದೆ ಗೀಟು ಹಾಕುತ್ತಾ ಹೋದೆ. ಆಲ್ಟ್‌ನ ಸಾಲಿನಲ್ಲಿ ಗೀಟು ಹಾಕಲು ಜಾಗವೇ ಉಳಿಯಲಿಲ್ಲ. ಅದರ ನಂತರ ಬ್ರಷ್ ದೊಡ್ಡದು ಚಿಕ್ಕದು ಮಾಡುವ ಚೌಕ ಬ್ರಾಕೆಟ್‌ಗಳು. ಆಮೇಲೆ ತಿದ್ದಿದ್ದನ್ನು ಕಪ್ಪು ಬಳಿದು ಮರೆಮಾಡುವ, ಬಿಳಿ ಬಳಿದು ತೋರಿಸುವ ಮಾಸ್ಕ್‌ನಲ್ಲಿ ಆ ಎರಡು ಬಣ್ಣ ಅದಲುಬದಲು ಮಾಡುವ ಎಕ್ಸ್, ಚಿತ್ರವನ್ನು ಸರಿಸುವ ಸ್ಪೇಸ್, ಹಿಂದಕ್ಕೆ ಹೋಗುವ ಕಂಟ್ರೋಲ್ ಝಡ್. ಸೇವ್ ಮಾಡಿದ್ದು ಗಂಟೆಗೆ ನಾಲ್ಕೈದು ಸಲ ಅಷ್ಟೆ. ಅಷ್ಟಕ್ಕೆ ಬಟನ್ ಯಾಕೆ? ಕೀಬೋರ್ಡಿಗೆ ಕೈ ಚಾಚಿದರೆ ಭುಜಕ್ಕೂ ಸ್ವಲ್ಪ ಅಲುಗಾಟ.

ಈಗಿನ ಜೋಡಣೆ ಆ ಗೀಟುಗಳಿಂದ ಬಂದದ್ದು. ಎಡಗೈಯ ಹೆಬ್ಬೆರಳು ಉಂಗುರದ ಪಕ್ಕ ತಾನಾಗಿ ನಿಲ್ಲುತ್ತದೆ. ಅದಕ್ಕೆ ಅತಿ ಹತ್ತಿರದ್ದು ಮೇಲಿನಿಂದ ನಾಲ್ಕನೆಯ ಬಟನ್, ಅದು ಆಲ್ಟ್. ಮೂರನೆಯದು ಎಕ್ಸ್. ಉಂಗುರದ ಕೆಳಗೆ ಐದನೆಯದು ಸ್ಪೇಸ್, ಆರನೆಯದು ಶಿಫ್ಟ್. ಎಂಟನೆಯದು ಕಂಟ್ರೋಲ್ ಝಡ್. ಒಂದು, ಎರಡು, ಏಳಕ್ಕೆ ಏನೂ ಇಲ್ಲ. ಆಲ್ಟ್ ಬಟನ್ನಿನ ಮೇಲೆ ಅತಿ ಸಣ್ಣ ಸ್ಟಿಕ್ಕರ್ ಬಿಂದಿ ಒಂದನ್ನು ಅಂಟಿಸಿದ್ದೇನೆ. ಬೆರಳಿಗೆ ಅದು ತಗುಲಿದರೆ ಸಾಕು, ಉಳಿದವು ಎಲ್ಲಿವೆ ಎಂದು ಕೈಗೆ ತಿಳಿಯುತ್ತದೆ. ತಿಂಗಳಿಗೊಮ್ಮೆ ಹೊಸ ಬಿಂದಿ.

ಹಿಂದಕ್ಕೆ ಹೋಗುವ ಬಟನ್ನನ್ನು ಅಷ್ಟು ದೂರ ಇಟ್ಟದ್ದು ಯಾಕೆ ಎಂದು ಜೊತೆಯವರು ಕೇಳುತ್ತಾರೆ. ಮೊದಲು ಅದನ್ನು ಆಲ್ಟ್ ಪಕ್ಕದಲ್ಲೇ ಇಟ್ಟಿದ್ದೆ. ಆಲ್ಟ್‌ಗೆ ಹೋದ ಬೆರಳು ಕೂದಲೆಳೆಯಷ್ಟು ತಪ್ಪಿದರೂ ಈಗಷ್ಟೇ ತಿದ್ದಿದ ಒಂದು ಗೆರೆ ಸದ್ದಿಲ್ಲದೆ ಹೋಗಿಬಿಡುತ್ತಿತ್ತು. ಕೆನ್ನೆಯಲ್ಲಾದರೆ ಕಣ್ಣಿಗೆ ಬೀಳುತ್ತದೆ, ರೆಪ್ಪೆಯ ಬುಡದಲ್ಲಾದರೆ ಆಲ್ಬಂ ಅಚ್ಚಾಗಿ ಬಂದ ಮೇಲೇ ಗೊತ್ತಾಗುವುದು. ಬೇಕೆಂದೇ ಬೆರಳು ಚಾಚಿದರೆ ಮಾತ್ರ ಅದು ಸಿಗಬೇಕು. ಏಳನೆಯದನ್ನು ಖಾಲಿ ಬಿಟ್ಟದ್ದೂ ಅದಕ್ಕೇ. ಇನ್ನೊಂದು ಮಾತು: 2018ರ ಅಕ್ಟೋಬರಿನಲ್ಲಿ ಬಂದ ಫೋಟೋಶಾಪ್ ಸಿಸಿ 2019ರಿಂದ ಕಂಟ್ರೋಲ್ ಝಡ್ ಒತ್ತಿದಷ್ಟೂ ಹಿಂದಕ್ಕೆ ಹೋಗುತ್ತದೆ. ಅದಕ್ಕಿಂತ ಹಳೆಯ ಆವೃತ್ತಿ ನಿಮ್ಮಲ್ಲಿದ್ದರೆ ಎರಡನೆಯ ಸಲ ಒತ್ತಿದಾಗ ಮೊದಲಿನ ಜಾಗಕ್ಕೇ ಮರಳುತ್ತದೆ. ಅಲ್ಲಿ ಆ ಬಟನ್ನಿಗೆ ಕಂಟ್ರೋಲ್, ಆಲ್ಟ್, ಝಡ್ ಮೂರನ್ನೂ ಸೇರಿಸಿ ಕೊಡಬೇಕು.

ಪೆನ್ನಿನ ಬಟನ್ ವಿಷಯದಲ್ಲಿ ನಾನು ಸುತ್ತಿ ಬಳಸಿ ಹೊರಟಲ್ಲಿಗೇ ಬಂದೆ. ಕೆಳಗಿನ ಬಟನ್‌ಗೆ ಮೊದಲೇ ಬಲ ಕ್ಲಿಕ್ ಕೊಟ್ಟಿರುತ್ತಾರೆ. ತಿದ್ದುವಾಗ ಬೆರಳು ಅದಕ್ಕೆ ತಗುಲಿ ಬ್ರಷ್‌ಗಳ ಪಟ್ಟಿ ಮುಖದ ಮೇಲೆ ತೆರೆದುಕೊಳ್ಳುತ್ತಿತ್ತು. ಅದನ್ನು ತೆಗೆದು ಆಲ್ಟ್ ಹಾಕಿ ನೋಡಿದೆ. ಆದರೆ ಪೆನ್ ಬಟನ್ ಒತ್ತಿಕೊಂಡೇ ತುದಿಯನ್ನು ಊರುವಾಗ ತುದಿ ಒಂದಿಷ್ಟು ಜರುಗುತ್ತದೆ. ಮಾದರಿ ಬೇಕಾದ ಜಾಗದಿಂದ ಬರುವುದಿಲ್ಲ. ಅದಕ್ಕಿಂತ ದೊಡ್ಡ ನಷ್ಟವೊಂದು ಆಮೇಲೆ ತಿಳಿಯಿತು. ವಿಂಡೋಸ್‌ನ ಫೋಟೋಶಾಪ್‌ನಲ್ಲಿ ಆಲ್ಟ್ ಮತ್ತು ಬಲ ಕ್ಲಿಕ್ ಎರಡನ್ನೂ ಹಿಡಿದು ಅಡ್ಡಕ್ಕೆ ಎಳೆದರೆ ಬ್ರಷ್ಷಿನ ಗಾತ್ರ ಬದಲಾಗುತ್ತದೆ, ಮೇಲೆ ಕೆಳಗೆ ಎಳೆದರೆ ಅಂಚು ಮೃದುವಾಗುತ್ತದೆ ಅಥವಾ ಗಟ್ಟಿಯಾಗುತ್ತದೆ. ಬಲ ಕ್ಲಿಕ್ಕನ್ನು ಪೆನ್ನಿಗೆ ವಾಪಸು ಕೊಟ್ಟೆ. ಈಗ ಹೆಬ್ಬೆರಳು ಬಿಂದಿಯ ಮೇಲೆ, ಪೆನ್ ಪರದೆಯ ಮೇಲಿನ ಕಾಳಿನ ನೇರಕ್ಕೆ. ಕೆಳಗಿನ ಬಟನ್ ಒತ್ತಿ ಪೆನ್ನನ್ನು ಹಲಗೆಗೆ ತಾಗಿಸದೆ ಎಡಕ್ಕೆ ಒಂದಿಷ್ಟು ಜಾರಿಸಿದರೆ ಬ್ರಷ್ಷಿನ ಗಾತ್ರ ತೋರಿಸುವ ಕೆಂಪು ವೃತ್ತ ಕಾಳಿನಷ್ಟಕ್ಕೇ ಕುಗ್ಗುತ್ತದೆ. ಕಣ್ಣು ಆ ಕಾಳನ್ನು ಬಿಟ್ಟು ಎಲ್ಲಿಗೂ ಹೋಗಬೇಕಾಗಿಲ್ಲ. ಚೌಕ ಬ್ರಾಕೆಟ್‌ಗಳ ಕೆಲಸ ಅಲ್ಲಿಗೆ ಮುಗಿಯಿತು. ಉಂಗುರವನ್ನು ಜೂಮ್‌ಗೆ ಮಾತ್ರ ಉಳಿಸಿಕೊಂಡೆ. ಅದರ ಉಳಿದ ಮೂರು ಸ್ಥಿತಿಗಳನ್ನು ದಾಟಿಸಿ ಹೋಗುವಂತೆ ಮಾಡಿದ್ದೇನೆ.

ಶಿಫ್ಟ್ ಬೇಕಾಗುವುದು ಹಳೆಯ ಫೋಟೋಗಳಿಗೆ. ಮಡಚಿಟ್ಟು ಬಿರುಕು ಬಿಟ್ಟ ಕಪ್ಪು ಬಿಳುಪಿನ ಚಿತ್ರಗಳನ್ನು ಜನ ತರುತ್ತಾರೆ. ಹಿನ್ನೆಲೆಯಲ್ಲಿ ನೇರವಾಗಿ ಹೋದ ಮಡಿಕೆಗೆ, ಒಂದು ಜಾಗದ್ದನ್ನು ಇನ್ನೊಂದು ಜಾಗಕ್ಕೆ ನಕಲಿಸುವ ಕ್ಲೋನ್ ಸ್ಟ್ಯಾಂಪ್‌ನಿಂದ ಒಂದು ತುದಿಯಲ್ಲಿ ಮುಟ್ಟಿ, ಶಿಫ್ಟ್ ಹಿಡಿದು ಇನ್ನೊಂದು ತುದಿಯಲ್ಲಿ ಮುಟ್ಟಿದರೆ ನಡುವಿನದೆಲ್ಲ ಒಂದೇ ಗೆರೆಯಲ್ಲಿ ತುಂಬುತ್ತದೆ. ಮುಖದ ಮೇಲೆ ಹಾಗೆ ಎಂದೂ ಮಾಡಬಾರದು. ಅಲ್ಲಿ ಚುಕ್ಕೆ ಚುಕ್ಕೆಯಾಗಿಯೇ ಹೋಗಬೇಕು.

ಒಮ್ಮೆ ದೊಡ್ಡ ತಪ್ಪೇ ಆಯಿತು. ಟ್ಯಾಬ್ಲೆಟ್‌ನ ಸೆಟ್ಟಿಂಗ್‌ಗಳಲ್ಲಿ ಪ್ರತಿ ತಂತ್ರಾಂಶಕ್ಕೂ ಬೇರೆ ಬೇರೆ ಜೋಡಣೆ ಮಾಡಲು ಬರುತ್ತದೆ. ನಾನು ಫೋಟೋಶಾಪನ್ನು ಪ್ರತ್ಯೇಕವಾಗಿ ಸೇರಿಸದೆ, ಎಲ್ಲದಕ್ಕೂ ಅನ್ವಯಿಸುವ ಕಡೆಯೇ ಬಟನ್‌ಗಳನ್ನು ಹೊಂದಿಸಿದ್ದೆ. ಫೋಟೋಶಾಪ್‌ನಲ್ಲಿ ಬಣ್ಣ ಅದಲುಬದಲು ಮಾಡುವ ಎಕ್ಸ್, ಚಿತ್ರಗಳನ್ನು ಆರಿಸಲು ಬಳಸುವ ಲೈಟ್‌ರೂಮ್ ತಂತ್ರಾಂಶದಲ್ಲಿ ಚಿತ್ರವನ್ನು ತಿರಸ್ಕರಿಸುವ ಗುರುತು. ಒಂದು ಮದುವೆಯ ಮೂರು ಸಾವಿರ ಚಿತ್ರಗಳಲ್ಲಿ ಆರಿಸುತ್ತಾ ಕುಳಿತಾಗ ಹೆಬ್ಬೆರಳು ಆಗಾಗ ಮೂರನೆಯ ಬಟನ್ನಿಗೆ ತಗುಲಿ, ಒಳ್ಳೆಯ ಚಿತ್ರಗಳಿಗೂ ಆ ಗುರುತು ಬಿತ್ತು. ಆಲ್ಬಂಗೆ ಕಳಿಸುವ ಗುಂಪಿನಲ್ಲಿ ಮಾಂಗಲ್ಯಧಾರಣೆಯ ಚಿತ್ರ ಒಂದೂ ಇರಲಿಲ್ಲ. ಗುರುತು ಬಿದ್ದಿತ್ತೇ ಹೊರತು ಚಿತ್ರ ಅಳಿಸಿಹೋಗಿರಲಿಲ್ಲ, ಹಾಗಾಗಿ ಅರ್ಧ ದಿನ ಹುಡುಕಿ ಎಲ್ಲವನ್ನೂ ವಾಪಸು ತಂದೆ. ಆ ಅರ್ಧ ದಿನ ನನ್ನ ಎದೆಯಲ್ಲಿ ಉಸಿರಿರಲಿಲ್ಲ. ಅವತ್ತೇ ಫೋಟೋಶಾಪ್ ಮತ್ತು ಲೈಟ್‌ರೂಮ್ ಎರಡನ್ನೂ ಬೇರೆಬೇರೆಯಾಗಿ ಸೇರಿಸಿ, ಉಳಿದ ತಂತ್ರಾಂಶಗಳ ಕಡೆ ಎಲ್ಲ ಬಟನ್‌ಗಳನ್ನೂ ನಿಷ್ಕ್ರಿಯ ಮಾಡಿದೆ. ಲೈಟ್‌ರೂಮ್‌ನಲ್ಲಿ ಈಗ ಬಿಂದಿಯ ಬಟನ್ ಎಂದರೆ ಆಯ್ಕೆಯ ಗುರುತು, ಐದನೆಯದು ಮುಂದಿನ ಚಿತ್ರ. ತಿರಸ್ಕರಿಸಲು ಕೀಬೋರ್ಡಿಗೇ ಹೋಗುತ್ತೇನೆ.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಮಾತ್ರ ಎದುರಾಗುವ ತೊಡಕೂ ಒಂದಿದೆ. ಆಲ್ಬಂನ ಮುಖಪುಟಕ್ಕೆ ವಧೂವರರ ಹೆಸರು ಬರೆಯಲು ಕನ್ನಡ ಕೀಲಿಮಣೆ ಹಾಕಿಕೊಂಡಿರುತ್ತೇವೆ. ಅದನ್ನು ತೆಗೆಯಲು ಮರೆತು ಬ್ರಷ್ ಹಿಡಿದರೆ ಟ್ಯಾಬ್ಲೆಟ್ ಕಳಿಸಿದ ಎಕ್ಸ್ ಫೋಟೋಶಾಪ್‌ಗೆ ಎಕ್ಸ್ ಆಗಿ ತಲುಪುವುದಿಲ್ಲ, ಬಣ್ಣ ಬದಲಾಗುವುದಿಲ್ಲ. ಆಲ್ಟ್, ಶಿಫ್ಟ್ ಎಂದಿನಂತೆ ಕೆಲಸ ಮಾಡುತ್ತವೆ, ಹಾಗಾಗಿ ಬಟನ್ನೇ ಕೆಟ್ಟಿತೆಂದು ನಾನು ಒಂದು ಬೆಳಗ್ಗೆಯೆಲ್ಲ ಹುಡುಕಾಡಿದೆ. ಈಗ ಹೆಸರು ಬರೆಯುವುದು ಎಲ್ಲ ತಿದ್ದಿ ಮುಗಿದ ಮೇಲೆ.

ಪೆನ್ನನ್ನು ಒಂದೇ ಕಡೆ ಊರಿ ಹಿಡಿದಾಗ ಸುತ್ತ ವೃತ್ತ ಮೂಡಿ ಬಲ ಕ್ಲಿಕ್ ಆಗುವ ಸೌಲಭ್ಯವನ್ನು ವಿಂಡೋಸ್‌ನ ಪೆನ್ ಮತ್ತು ಟಚ್ ಸೆಟ್ಟಿಂಗ್‌ನಲ್ಲಿ ನಿಲ್ಲಿಸಿದ್ದೇನೆ. ನಿಧಾನವಾಗಿ ಬಳಿಯುವ ಕೈಗೆ ಅದು ಬೇಡ.

ಹೋದ ವರ್ಷ ಸ್ಟುಡಿಯೊಗೆ ಎಡಗೈಯಲ್ಲಿ ಪೆನ್ ಹಿಡಿಯುವ ಹುಡುಗಿಯೊಬ್ಬಳು ಸೇರಿದಳು. ಅವಳು ಟ್ಯಾಬ್ಲೆಟ್ಟನ್ನು ಪೂರ್ತಿ ತಿರುಗಿಸಿ ಇಟ್ಟುಕೊಂಡು, ಸೆಟ್ಟಿಂಗ್‌ನಲ್ಲಿ ಬಟನ್‌ಗಳು ಬಲಗಡೆ ಎಂದು ಬದಲಿಸಿಕೊಂಡಳು. "ನನ್ನ ಜೋಡಣೆಯ ಬ್ಯಾಕಪ್ ಪೆನ್‌ಡ್ರೈವ್‌ನಲ್ಲಿದೆ, ಹಾಕಿಕೊಡಲೇನಮ್ಮ?" ಎಂದೆ.

"ಬೇಡ ಅಕ್ಕ, ಮೊದಲು ನಾನೂ ಎರಡು ದಿನ ಗೀಟು ಹಾಕುತ್ತೇನೆ" ಎಂದಳು.

ಅವಳ ಹಾಳೆಯಲ್ಲಿ ಶಿಫ್ಟ್ ಎಲ್ಲಕ್ಕಿಂತ ಮುಂದಿತ್ತು. ಅವಳು ಮುಖ ತಿದ್ದುವುದಕ್ಕಿಂತ ಪುಟ ಜೋಡಿಸುವುದೇ ಹೆಚ್ಚು. ಬಿಂದಿಯನ್ನು ಮಾತ್ರ ನನ್ನ ಸ್ಟಿಕ್ಕರ್ ಹಾಳೆಯಿಂದಲೇ ಕಿತ್ತುಕೊಂಡು ಹೋದಳು.