ಮುಂಬಯಿ ಮ್ಯಾರಥಾನಿಗೆ ಸಿದ್ಧತೆ, ಓಟ ಮತ್ತು ಚೇತರಿಕೆ

ಜನವರಿಯ ಮುಂಬಯಿ ಮ್ಯಾರಥಾನಿನಲ್ಲಿ 42.195 ಕಿ.ಮೀ. ಓಡಬಯಸುವವರು, ಈಗಾಗಲೇ 10 ಕಿ.ಮೀ. ನಿರಾಯಾಸವಾಗಿ ಓಡಬಲ್ಲವರಾದರೆ, ಆಗಸ್ಟ್ ಅಂತ್ಯಕ್ಕೆ ಅಭ್ಯಾಸ ಆರಂಭಿಸುವುದು ಒಳ್ಳೆಯದು. ವಾರಕ್ಕೆ ನಾಲ್ಕು ದಿನ ಓಡಿದರೆ ಸಾಕು. ಭಾನುವಾರದ ದೀರ್ಘ ಓಟವನ್ನು, ಜೊತೆಗಾರರೊಡನೆ ಮಾತನಾಡಬಹುದಾದಷ್ಟು ನಿಧಾನಗತಿಯಲ್ಲೇ, ಕ್ರಮೇಣ 30–32 ಕಿ.ಮೀ.ವರೆಗೆ ಹೆಚ್ಚಿಸಿ, ಕೊನೆಯ ಮೂರು ವಾರ ತಗ್ಗಿಸಬೇಕು.

ಈ ಮಾರ್ಗದ ನಿಜವಾದ ಪರೀಕ್ಷೆ ಪೆಡ್ಡರ್ ರಸ್ತೆಯ ಏರು. ಅದು ಅಷ್ಟೇನೂ ಕಡಿದಲ್ಲ. ಆದರೆ ಸ್ನಾಯುಗಳ ಗ್ಲೈಕೋಜನ್ (ಓಟಕ್ಕೆ ಇಂಧನವಾಗುವ ಸಕ್ಕರೆಯ ದಾಸ್ತಾನು) ಬರಿದಾಗುತ್ತಿರುವ, ಬಿಸಿಲೇರಿದ ಕೊನೆಯ ಹಂತದಲ್ಲಿ ಎದುರಾಗುವುದರಿಂದ, ದೀರ್ಘ ಓಟಗಳ ಕೊನೆಯಲ್ಲಿ ಒಂದು ಏರುರಸ್ತೆಯನ್ನು ಹತ್ತುವ ರೂಢಿ ಮಾಡಿಕೊಳ್ಳಬೇಕು. ಅಲ್ಲಿ ಹೆಜ್ಜೆಯನ್ನು ಚಿಕ್ಕದಾಗಿಸಿ, ನೋಟವನ್ನು ಹತ್ತು ಮಾರು ಮುಂದಿನ ರಸ್ತೆಯ ಮೇಲಿಟ್ಟು, ಗಡಿಯಾರವನ್ನು ಮರೆಯುವುದೇ ಲೇಸು. ಬೆಂಗಳೂರಿನ ತಂಪಿನಲ್ಲಿ ಪಳಗಿದವರಿಗೆ ಕಡಲತೀರದ ಸೆಕೆಯಲ್ಲಿ ಬೆವರು ಬೇಗ ಆರದೆ ಮೈ ಕಾಯುತ್ತದೆ; ಆದ್ದರಿಂದ ಮೊದಲರ್ಧವನ್ನು ಉದ್ದೇಶಪೂರ್ವಕವಾಗಿ ನಿಧಾನಿಸಬೇಕು. ಬಾಯಾರಿದಂತೆ ನೀರು ಕುಡಿಯುತ್ತ, ಜೊತೆಗೆ ಉಪ್ಪಿನಂಶವನ್ನೂ ಸೇವಿಸಬೇಕು, ಏಕೆಂದರೆ ಬರೀ ನೀರನ್ನೇ ಅತಿಯಾಗಿ ಕುಡಿದರೆ ರಕ್ತದ ಸೋಡಿಯಂ ಕುಸಿಯುತ್ತದೆ.

ಗುರಿ ಮುಟ್ಟಿದೊಡನೆ ಕುಳಿತುಬಿಡದೆ ಹತ್ತು ನಿಮಿಷ ನಡೆಯಿರಿ. ಬಳಿಕ ಮೊಸರನ್ನ ಸೊಗಸಾದ ಆಹಾರ. ಒಂದು ವಾರ ಓಟ ಬೇಡ, ನಡಿಗೆ ಸಾಕು. ಮೂತ್ರ ಕಂದುಬಣ್ಣಕ್ಕೆ ತಿರುಗಿದರೆ ನೋವಿನ ಮಾತ್ರೆ ನುಂಗದೆ ಕೂಡಲೇ ವೈದ್ಯರನ್ನು ಕಾಣಬೇಕು.