ಮರಳ ದಿಬ್ಬದ ಮೇಲೆ ಪಾಠ: ಹಗರಿ ದಂಡೆಯ ಶಿಕ್ಷಕರಿಗಾಗಿ ಪರಿಸರ ಕಾರ್ಯಾಗಾರ ನಡೆಸುವ ಬಗೆ

ಅನಂತಪುರ ಜಿಲ್ಲೆಯ ಬೊಮ್ಮನಹಾಳ್ ಮತ್ತು ಕಣೇಕಲ್ ಮಂಡಲಗಳಲ್ಲಿ ಹಗರಿ ನದಿಯ ಮರಳು ದಂಡೆ ದಾಟಿ ಹೊಲಗಳಿಗೆ ಏರಿ ದಿಬ್ಬಗಳಾಗಿ ನಿಂತಿದೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಅಂದಿನ ಬಳ್ಳಾರಿ ಜಿಲ್ಲೆಯಿಂದ ಆ ಕಡೆಗೆ ಹೋದ ರಾಯದುರ್ಗ ತಾಲ್ಲೂಕಿನ ನೆಲ ಇದು; ಇಲ್ಲಿನ ಹಲವು ಊರುಗಳಲ್ಲಿ ಮಕ್ಕಳು ಇಂದಿಗೂ ಕನ್ನಡದಲ್ಲಿಯೇ ಓದುತ್ತಾರೆ. ಆದರೆ ಮರುಭೂಮಿಯ ಪಾಠ ಬಂದಾಗ ಪಠ್ಯಪುಸ್ತಕ ಅವರಿಗೆ ಸಹಾರಾವನ್ನೂ ಥಾರ್ ಮರುಭೂಮಿಯನ್ನೂ ತೋರಿಸುತ್ತದೆ, ಶಾಲೆಯಿಂದ ನಡೆದು ಹೋಗಬಹುದಾದ ದೂರದಲ್ಲಿರುವ ಮರಳನ್ನು ತೋರಿಸುವುದಿಲ್ಲ. ಈ ಕೊರತೆಯನ್ನು ತುಂಬಬಲ್ಲವರು ಶಿಕ್ಷಕರು ಮಾತ್ರ. ಅವರಿಗಾಗಿ ಎರಡು ದಿನಗಳ ಕಾರ್ಯಾಗಾರವನ್ನು ಹೇಗೆ ನಡೆಸಬೇಕೆಂಬುದನ್ನು ಈ ಬರಹ ವಿವರಿಸುತ್ತದೆ. ಶಿಕ್ಷಕರು ತಮ್ಮ ಕೈಯಾರೆ ಅಳೆದು ನೋಡದ ಸಂಗತಿಯನ್ನು ಮಕ್ಕಳಿಂದ ಅಳೆಯಿಸಲಾರರು. ಆದ್ದರಿಂದ ಉಪನ್ಯಾಸಗಳನ್ನು ಕಡಿಮೆ ಮಾಡಿ ಅಳತೆಯನ್ನು ಹೆಚ್ಚಿಸುವುದೇ ಇಡೀ ಯೋಜನೆಯ ತಿರುಳು.

ಕಾಲ ಮತ್ತು ಸ್ಥಳ

ಕಾರ್ಯಾಗಾರವನ್ನು ಗಾಳಿ ಬೀಸುವ ಕಾಲದಲ್ಲಿಯೇ ಇಡಬೇಕು. ಶಾಲೆಗಳು ಜೂನ್ ಎರಡನೆಯ ವಾರದ ಹೊತ್ತಿಗೆ ತೆರೆಯುತ್ತವೆ, ಆಷಾಢದ ಗಾಳಿಯೂ ಅದರ ಬೆನ್ನಲ್ಲೇ ಬರುತ್ತದೆ, ಮತ್ತು ಮರುಭೂಮೀಕರಣ ತಡೆಯ ಅಂತರರಾಷ್ಟ್ರೀಯ ಒಪ್ಪಂದವನ್ನು 1994ರಲ್ಲಿ ಅಂಗೀಕರಿಸಿದ ದಿನವಾದ ಜೂನ್ 17 ಕೂಡ ಅದೇ ದಿನಗಳಲ್ಲಿ ಬರುತ್ತದೆ. ಭಾಷಣಕ್ಕೂ ಬ್ಯಾನರಿಗೂ ಮೀಸಲಾಗಿ ಹೋಗುವ ಆ ದಿನವನ್ನು ಕೆಲಸದ ದಿನವನ್ನಾಗಿ ಮಾಡಿಕೊಳ್ಳಬಹುದು. ಬೇಸಿಗೆ ರಜೆಯಲ್ಲಿ ಇಟ್ಟರೆ ಬಿಸಿಲಿನ ತೊಂದರೆ ಮಾತ್ರವಲ್ಲ, ಎರಡನೆಯ ದಿನದ ಪಾಠಕ್ಕೆ ಮಕ್ಕಳೇ ಇರುವುದಿಲ್ಲ.

ಸ್ಥಳವಾಗಿ ಮಂಡಲ ಕೇಂದ್ರದ ಸಭಾಂಗಣಕ್ಕಿಂತ ದಿಬ್ಬಕ್ಕೆ ಹತ್ತಿರವಿರುವ ಒಂದು ಕನ್ನಡ ಮಾಧ್ಯಮದ ಶಾಲೆಯೇ ಮೇಲು. ಮಂಡಲ ವಿದ್ಯಾಧಿಕಾರಿಗಳಿಂದ ಲಿಖಿತ ಆದೇಶ ಪಡೆದು, ಬರುವ ಶಿಕ್ಷಕರಿಗೆ ಆ ಎರಡು ದಿನಗಳು ಕರ್ತವ್ಯದ ದಿನಗಳೆಂದು ದಾಖಲಾಗುವಂತೆ ಮೊದಲೇ ನೋಡಿಕೊಳ್ಳಬೇಕು. ದಿಬ್ಬ ಯಾರ ಹೊಲದಲ್ಲಿದೆಯೋ ಆ ರೈತರ ಅನುಮತಿ ಕೇಳುವುದನ್ನು ಮರೆಯಬಾರದು. ಅವರನ್ನು ಬರಿದೆ ಅನುಮತಿ ಕೇಳಿ ಬಿಡುವುದಕ್ಕಿಂತ ಮೊದಲ ದಿನದ ಮೊದಲ ಮಾತನ್ನು ಅವರಿಂದಲೇ ಆಡಿಸುವುದು ಒಳ್ಳೆಯದು: ತಮ್ಮ ತಂದೆಯ ಕಾಲದಲ್ಲಿ ಈ ಹೊಲದಲ್ಲಿ ಏನು ಬೆಳೆಯುತ್ತಿತ್ತು, ಮರಳು ಮೊದಲು ಯಾವ ಬದುವನ್ನು ಮುಚ್ಚಿತು, ಈಗ ಬಿತ್ತನೆಗೆ ಎಷ್ಟು ನೆಲ ಉಳಿದಿದೆ. ಶಿಕ್ಷಕರು ಕೇಳುವವರಾಗಿ ಕುಳಿತು ಬರೆದುಕೊಳ್ಳಲಿ.

ಮೂವತ್ತಕ್ಕಿಂತ ಹೆಚ್ಚು ಶಿಕ್ಷಕರನ್ನು ಕರೆಯದಿರುವುದು ಉತ್ತಮ. ಐದಾರು ಜನರ ಗುಂಪುಗಳಾದರೆ ಪ್ರತಿಯೊಬ್ಬರ ಕೈಗೂ ಕೆಲಸ ಸಿಗುತ್ತದೆ. ಒಂದೇ ಶಾಲೆಯಿಂದ ಇಬ್ಬರು ಬಂದರೆ, ಒಬ್ಬರಿಗೆ ವರ್ಗವಾದರೂ ಇನ್ನೊಬ್ಬರು ಕೆಲಸವನ್ನು ಮುಂದುವರಿಸುತ್ತಾರೆ. ಕ್ಷೇತ್ರಕಾರ್ಯ ಬೆಳಿಗ್ಗೆ ಹತ್ತೂವರೆಗೆ ಮುಗಿಯಬೇಕು, ಏಕೆಂದರೆ ಆಮೇಲೆ ಮರಳು ಕಾಯುತ್ತದೆ. ಚಪ್ಪಲಿಯ ಬದಲು ಬೂಟು, ತಲೆಗೆ ಟವೆಲ್ ಅಥವಾ ಸೆರಗು, ಕಣ್ಣಿಗೆ ಕನ್ನಡಕ, ತಲಾ ಎರಡು ಲೀಟರ್ ಕುಡಿಯುವ ನೀರು ಇರಲಿ. ಜಾಲಿ ಪೊದೆಯ ಬುಡಕ್ಕೆ ಕೈ ಹಾಕುವ ಮೊದಲು ಕೋಲಿನಿಂದ ತಟ್ಟಬೇಕು, ಹಾವು ಚೇಳುಗಳು ಅಲ್ಲಿಯೇ ತಂಪಿಗೆ ಸೇರಿಕೊಂಡಿರುತ್ತವೆ. ಶಿಕ್ಷಕಿಯರಿಗೆ ಬಳಸಲು ಯೋಗ್ಯವಾದ ಶೌಚಾಲಯ ಇಲ್ಲದ ಶಾಲೆಯನ್ನು ಆರಿಸಬಾರದು.

ಮರಳು ಎಲ್ಲಿಂದ ಬಂತು

ಮಕ್ಕಳು ಕೇಳುವ ಮೊದಲ ಪ್ರಶ್ನೆ ಇದೇ ಆಗಿರುತ್ತದೆಯಾದ್ದರಿಂದ ಶಿಕ್ಷಕರ ಮನಸ್ಸಿನಲ್ಲಿ ಇದರ ಉತ್ತರ ಸ್ಪಷ್ಟವಾಗಿರಬೇಕು. ಅನಂತಪುರ ಸೀಮೆಯಲ್ಲಿ ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆಯಾಗುತ್ತದೆ. ಮುಂಗಾರಿನ ಮಳೆಯನ್ನು ಪಶ್ಚಿಮಘಟ್ಟಗಳು ತಡೆಯುತ್ತವೆ, ಹಿಂಗಾರು ಇಲ್ಲಿಗೆ ತಲುಪುವಷ್ಟರಲ್ಲಿ ಬಲಗುಂದಿರುತ್ತದೆ. ಥಾರ್ ಮರುಭೂಮಿಯ ಜೈಸಲ್ಮೇರಿನಲ್ಲಿ ಬೀಳುವುದು 200 ಮಿಲಿಮೀಟರಿಗೂ ಕಡಿಮೆ. ಮಳೆಯ ಪ್ರಮಾಣವನ್ನು ಆವಿಯಾಗಬಲ್ಲ ನೀರಿನ ಪ್ರಮಾಣದಿಂದ ಭಾಗಿಸಿದಾಗ ಬರುವ ಅಂಕಿ 0.05ರಿಂದ 0.20ರವರೆಗೆ ಇದ್ದರೆ ಶುಷ್ಕ ಪ್ರದೇಶ, 0.20ರಿಂದ 0.50ರವರೆಗೆ ಇದ್ದರೆ ಅರೆಶುಷ್ಕ ಪ್ರದೇಶ ಎಂದು ಲೆಕ್ಕ ಹಾಕುತ್ತಾರೆ. ನಮ್ಮ ಸೀಮೆ ಎರಡನೆಯ ಗುಂಪಿಗೆ ಸೇರುತ್ತದೆ. ಅಂದರೆ ಇಲ್ಲಿನ ದಿಬ್ಬಗಳು ಮಳೆಯ ಕೊರತೆಯೊಂದರಿಂದಲೇ ಹುಟ್ಟಿದವುಗಳಲ್ಲ, ಅವು ಒಂದು ನದಿಯ ಮರಳು.

ಈ ವಿಷಯವನ್ನು ತಿಳಿಸಲು ಶಾಲೆಯ ಅಂಗಳವೇ ಸಾಕು. ಸುಣ್ಣದ ಪುಡಿಯಿಂದ, ಮೇಲಿನ ಸೀಮೆಯಲ್ಲಿ ವೇದಾವತಿ ಎನ್ನಿಸಿಕೊಳ್ಳುವ ಹಗರಿಯ ಹಾದಿಯನ್ನು ನೆಲದ ಮೇಲೆ ಬರೆಯಿಸಿ. ಬಾಬಾಬುಡನ್ ಗಿರಿಯ ಕಡೆಯಿಂದ ಬರುವ ವೇದಾ ಮತ್ತು ಆವತಿ ಹೊಳೆಗಳು ಕಡೂರಿನ ಬಳಿ ಕೂಡಿ ವೇದಾವತಿಯಾಗುವುದು, ಹಿರಿಯೂರಿನ ಬಳಿಯ ಮಾರಿಕಣಿವೆಯಲ್ಲಿ ಅದಕ್ಕೆ ಅಡ್ಡಲಾಗಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ, ಗಡಿ ದಾಟಿದ ಮೇಲೆ ಭೈರವಾನಿತಿಪ್ಪ ಜಲಾಶಯ, ಅಲ್ಲಿಂದ ಕೆಳಗೆ ಬೊಮ್ಮನಹಾಳ್ ಸೀಮೆ, ಕೊನೆಗೆ ತುಂಗಭದ್ರೆ. ಪ್ರತಿ ಗುರುತಿನ ಬಳಿ ಒಬ್ಬ ಶಿಕ್ಷಕರು ನಿಂತು ತಮ್ಮ ಸ್ಥಳದಲ್ಲಿ ನೀರು ಏನಾಗುತ್ತದೆ ಎಂಬುದನ್ನು ಹೇಳಬೇಕು. ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ ಎಂಬ ಸಂಗತಿಯನ್ನು ಮಾರಿಕಣಿವೆಯ ಬಳಿ ನಿಂತವರು ಹೇಳಿದಾಗ, ಕೆಳಗಿನ ಹೊಳೆ ಏಕೆ ಬರಿದಾಗಿದೆ ಎಂಬುದರ ಒಂದು ಭಾಗ ಎಲ್ಲರಿಗೂ ತಾನಾಗಿ ಹೊಳೆಯುತ್ತದೆ.

ಆದರೆ ಅದು ಒಂದು ಭಾಗ ಮಾತ್ರ ಎಂಬುದನ್ನು ಒತ್ತಿ ಹೇಳಬೇಕು. ಎಲ್ಲಕ್ಕೂ ಅಣೆಕಟ್ಟೆಯೇ ಕಾರಣವೆಂದು ಹೇಳಿ ಮುಗಿಸಿಬಿಟ್ಟರೆ ಮಕ್ಕಳಿಗೆ ಯೋಚಿಸಲು ಏನೂ ಉಳಿಯುವುದಿಲ್ಲ. ನೀರಿಲ್ಲದ ಹೊಳೆಯ ಪಾತ್ರದಲ್ಲಿ ಒಣ ಮರಳು ತೆರೆದು ಬಿದ್ದಿರುತ್ತದೆ. ದಂಡೆಯ ಹುಲ್ಲು, ಈಚಲು, ಪೊದೆಗಳು ಮೇವಿಗೂ ಸೌದೆಗೂ ಹೋಗಿ ಮರಳನ್ನು ಹಿಡಿಯುವ ಬೇರು ಇಲ್ಲವಾಗುತ್ತದೆ. ಪಶ್ಚಿಮದಿಂದ ಬೀಸುವ ಮುಂಗಾರಿನ ಗಾಳಿ ಅದನ್ನು ಎತ್ತಿ ಪೂರ್ವದ ಹೊಲಗಳಿಗೆ ತರುತ್ತದೆ. ಈ ಮೂರೂ ಕೂಡಿದಾಗಲೇ ದಿಬ್ಬ ಬೆಳೆಯುತ್ತದೆ. ಇವುಗಳಲ್ಲಿ ಊರಿನವರ ಕೈಯಲ್ಲಿರುವುದು ಯಾವುದು ಎಂಬ ಪ್ರಶ್ನೆಯನ್ನು ಶಿಕ್ಷಕರ ಮುಂದಿಟ್ಟು, ಉತ್ತರ ಹೇಳದೆ, ಅಲ್ಲಿಂದಲೇ ದಿಬ್ಬದ ಕಡೆಗೆ ಹೊರಡಬೇಕು.

ಗಾಳಿಯನ್ನು ಅಳೆಯುವುದು

ಒಂದು ಲೀಟರಿನ ಖಾಲಿ ನೀರಿನ ಬಾಟಲಿಗಳು, ಸೊಂಟದೆತ್ತರದ ಒಂದು ಗಟ್ಟಿ ಕೋಲು, ಕತ್ತರಿ, ಹಳೆಯ ಪಂಚೆಯ ತುಂಡು ಮತ್ತು ದಾರ, ಇಷ್ಟೇ ಸಾಮಗ್ರಿ. ಬಾಟಲಿಯ ಒಂದು ಬದಿಯಲ್ಲಿ ಅಂಗೈಯಷ್ಟು ಕಿಟಕಿ ಕತ್ತರಿಸಿ, ಎದುರು ಬದಿಯಲ್ಲಿಯೂ ಅಷ್ಟೇ ದೊಡ್ಡ ಕಿಟಕಿ ಮಾಡಿ ಅದಕ್ಕೆ ಪಂಚೆಯ ಬಟ್ಟೆಯನ್ನು ಬಿಗಿಯಬೇಕು. ಹಿಂದಿನ ಕಿಟಕಿ ಇಲ್ಲದಿದ್ದರೆ ಬಾಟಲಿಯೊಳಗೆ ಗಾಳಿ ಕಟ್ಟಿಕೊಂಡು ಮರಳು ಒಳಗೆ ಬಾರದೆ ಪಕ್ಕಕ್ಕೆ ಸರಿದುಹೋಗುತ್ತದೆ. ಶಿಕ್ಷಕರಿಗೆ ಇದನ್ನು ಮೊದಲೇ ಹೇಳದೆ, ಒಂದು ಗುಂಪಿಗೆ ಹಿಂದಿನ ಕಿಟಕಿ ಇಲ್ಲದ ಬಾಟಲಿಯನ್ನೇ ಕೊಟ್ಟು ಮರುದಿನ ಹೋಲಿಸಿ ನೋಡಲು ಬಿಡಬಹುದು. ಕೋಲಿಗೆ ಪಾದದ ಗಂಟು, ಮೊಣಕಾಲು, ಸೊಂಟ ಈ ಮೂರು ಎತ್ತರಗಳಲ್ಲಿ ಬಾಟಲಿಗಳನ್ನು ಕಟ್ಟಿ, ಕಿಟಕಿಯನ್ನು ಪಶ್ಚಿಮಕ್ಕೆ ತಿರುಗಿಸಿ, ದಿಬ್ಬದ ನೆತ್ತಿಯಲ್ಲಿ ಒಂದು ಕೋಲನ್ನೂ ಹುಲ್ಲು ಬೆಳೆದ ಬದುವಿನ ಹಿಂದೆ ಇನ್ನೊಂದನ್ನೂ ನೆಡಬೇಕು.

ಮರುದಿನ ಬೆಳಿಗ್ಗೆ ಪ್ರತಿ ಬಾಟಲಿಯ ಮರಳನ್ನು ಬೇರೆ ಬೇರೆ ಕಾಗದದ ಮೇಲೆ ಸುರಿದು, ಚಿನ್ನದಂಗಡಿಯವರಿಂದಲೋ ಪ್ರೌಢಶಾಲೆಯ ಪ್ರಯೋಗಾಲಯದಿಂದಲೋ ತಂದ ಸಣ್ಣ ತಕ್ಕಡಿಯಲ್ಲಿ ತೂಗಿಸಿ. ಗಾಳಿಯಲ್ಲಿ ಸಾಗುವ ಮರಳಿನ ಬಹುಪಾಲು ನೆಲದಿಂದ ಒಂದಡಿಯೊಳಗೇ ಹಾರಿ ಬಿದ್ದು, ಬಿದ್ದು ಹಾರಿ ಮುಂದೆ ಸಾಗುತ್ತದೆ. ಆದ್ದರಿಂದ ಕೆಳಗಿನ ಬಾಟಲಿಯೇ ಹೆಚ್ಚು ತೂಗುತ್ತದೆ. ಮೂರೂ ಬಾಟಲಿಗಳ ಮರಳನ್ನು ಬೆರಳ ತುದಿಯಲ್ಲಿ ಉಜ್ಜಿ ನೋಡಲು ಹೇಳಿ: ಕೆಳಗಿನದು ರವೆಯಂತೆ ಚುರುಗುಟ್ಟುತ್ತದೆ, ಸೊಂಟದೆತ್ತರದ್ದು ಬೆರಳಿನ ಗೆರೆಗಳೊಳಗೆ ಕೂತು ಒರೆಸಿದರೂ ಹೋಗುವುದಿಲ್ಲ. ಹೊಲದ ಸತ್ವವೆಲ್ಲ ಈ ಸಣ್ಣ ಪುಡಿಯಲ್ಲಿಯೇ ಹೆಚ್ಚಾಗಿರುತ್ತದೆ. ಉತ್ತು ಬಿಟ್ಟ ಶೇಂಗಾ ಹೊಲದಿಂದ ಗಾಳಿ ಒಯ್ಯುವುದು ಇದನ್ನೇ ಎಂದು ರೈತರಿಂದ ಹೇಳಿಸಿದರೆ ಮಣ್ಣಿನ ಪಾಠ ಅಲ್ಲಿಗೆ ಪೂರ್ತಿಯಾಗುತ್ತದೆ.

ಇದಕ್ಕೆ ಹೊಂದುವಂತೆ ತಡೆಯ ಪ್ರಯೋಗವೊಂದು ಅಗತ್ಯ. ಅಗಲವಾದ ಕಬ್ಬಿಣದ ಬಾಂಡಲಿಯಲ್ಲಿಯೋ ಮೇಜಿನ ಮೇಲಿನ ಹಲಗೆಯಲ್ಲಿಯೋ ಒಣ ಮರಳನ್ನು ಹರಡಿ, ಒಂದೆಡೆ ಇಟ್ಟಿಗೆಯನ್ನು ನಿಲ್ಲಿಸಿ, ಇನ್ನೊಂದೆಡೆ ಪೊರಕೆಯ ಕಡ್ಡಿಗಳನ್ನು ಸಂದು ಬಿಟ್ಟು ಸಾಲಾಗಿ ನೆಟ್ಟು, ಮೊರದಿಂದ ಒಂದೇ ಸಮನೆ ಬೀಸಬೇಕು. ಇಟ್ಟಿಗೆಯ ಎರಡೂ ತುದಿಗಳಲ್ಲಿ ಗಾಳಿ ಸುಳಿದು ಮರಳನ್ನು ಕೆತ್ತಿಹಾಕುತ್ತದೆ. ಕಡ್ಡಿಗಳ ಸಾಲಿನಲ್ಲಿ ಗಾಳಿ ಸೋಸಿ ಹೋಗುವುದರಿಂದ ಅದರ ಬಲ ಕುಗ್ಗಿ, ಮರಳು ಹಿಂದೆ ಸಣ್ಣ ಏರಿಯಾಗಿ ಕೂರುತ್ತದೆ. ಸುಮಾರು ಅರ್ಧದಷ್ಟು ಸಂದು ಇರುವ ತಡೆ ಗೋಡೆಗಿಂತ ಉತ್ತಮ. ತಡೆಯ ಎತ್ತರದ ಹತ್ತು ಪಟ್ಟು ದೂರದವರೆಗೆ ಅದರ ಆಸರೆ ಚೆನ್ನಾಗಿ ಸಿಗುತ್ತದೆ. ಜೋಧಪುರದಲ್ಲಿರುವ, 1959ರಿಂದ ಕೇಂದ್ರ ಶುಷ್ಕ ವಲಯ ಸಂಶೋಧನಾ ಸಂಸ್ಥೆ ಎಂಬ ಹೆಸರು ಪಡೆದ ಸಂಸ್ಥೆ ಥಾರಿನ ದಿಬ್ಬಗಳನ್ನು ಹಿಡಿದು ನಿಲ್ಲಿಸಲು ಬಳಸಿದ್ದೂ ಇದೇ ತತ್ವ: ಮೊದಲು ದನಕರುಗಳು ಬಾರದಂತೆ ಬೇಲಿ, ಆಮೇಲೆ ಗಾಳಿಗೆ ಅಡ್ಡಲಾಗಿ ಒಣ ಪೊದೆಗಳ ಗಿಡ್ಡ ಸಾಲುಗಳು, ಅವುಗಳ ಆಸರೆಯಲ್ಲಿ ಹುಲ್ಲು ಮತ್ತು ಗಿಡ. ನಮ್ಮಲ್ಲಿ ಆ ಸಾಲುಗಳನ್ನು ತೊಗರಿ ಕಟ್ಟಿಗೆ, ಸಜ್ಜೆ ದಂಟು, ಜಾಲಿ ಮುಳ್ಳುಗಳಿಂದ ಮಾಡಬಹುದು.

ಮಧ್ಯಾಹ್ನದ ಚರ್ಚೆ

ಊಟದ ನಂತರದ ಹೊತ್ತಿನಲ್ಲಿ ಬಳ್ಳಾರಿ ಜಾಲಿಯನ್ನು ಚರ್ಚೆಗೆ ಇಡಿ. ಹೊರದೇಶದಿಂದ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಬಂದ ಈ ಗಿಡ ಮರಳನ್ನು ಹಿಡಿಯುತ್ತದೆ, ಒಲೆಗೆ ಸೌದೆ ಕೊಡುತ್ತದೆ, ಕಾಯಿಯನ್ನು ಕುರಿ ಮೇಕೆಗಳು ತಿನ್ನುತ್ತವೆ. ಅದೇ ಗಿಡ ಹೊಳೆ, ಕೆರೆ, ಗೋಮಾಳಗಳನ್ನು ಆವರಿಸಿ ಹುಲ್ಲನ್ನೂ ಸ್ಥಳೀಯ ಗಿಡಗಳನ್ನೂ ಬೆಳೆಯಗೊಡುವುದಿಲ್ಲ. ಕುರಿಗಾಹಿ, ಇದ್ದಿಲು ಸುಡುವವರು, ರೈತರು, ಅರಣ್ಯ ಇಲಾಖೆಯವರು ಎಂದು ಪಾತ್ರ ಹಂಚಿಕೊಂಡು ಶಿಕ್ಷಕರು ವಾದಿಸಲಿ. ತೀರ್ಪು ಕೊಡುವ ಆತುರ ಬೇಡ. ಪರಿಸರ ಶಿಕ್ಷಣದ ಕುರಿತು 1977ರಲ್ಲಿ ಜಾರ್ಜಿಯಾದ ತ್ಬಿಲಿಸಿ ನಗರದಲ್ಲಿ ನಡೆದ ಸಮ್ಮೇಳನ ಅರಿವು, ಜ್ಞಾನ, ಮನೋಭಾವ, ಕೌಶಲ, ಭಾಗವಹಿಸುವಿಕೆ ಎಂಬ ಐದು ಗುರಿಗಳನ್ನು ಹೇಳಿತು. ಹೆಚ್ಚಿನ ತರಬೇತಿಗಳು ಮೊದಲ ಎರಡರಲ್ಲಿಯೇ ನಿಂತುಬಿಡುತ್ತವೆ ಎಂಬುದು ನನಗೆ ನಿಜಕ್ಕೂ ನೋವಿನ ಸಂಗತಿ. ಇಂಥ ವಾದ ಉಳಿದ ಮೂರಕ್ಕೆ ಬಾಗಿಲು ತೆರೆಯುತ್ತದೆ.

ಎರಡನೆಯ ದಿನ

ಬೆಳಿಗ್ಗೆ ತೂಕದ ಕೆಲಸ ಮುಗಿದ ಮೇಲೆ ಪ್ರತಿ ಗುಂಪು ನಲವತ್ತು ನಿಮಿಷಗಳ ಒಂದು ಪಾಠವನ್ನು ಸಿದ್ಧಪಡಿಸಿ ಆ ಶಾಲೆಯ ಮಕ್ಕಳಿಗೆ ನಿಜವಾಗಿಯೇ ಕಲಿಸಬೇಕು, ಉಳಿದವರು ಹಿಂದೆ ಕುಳಿತು ಮಕ್ಕಳು ಕೇಳಿದ ಪ್ರಶ್ನೆಗಳನ್ನು ಮಾತ್ರ ಬರೆದುಕೊಳ್ಳಬೇಕು. ಗಣಿತದ ಶಿಕ್ಷಕರನ್ನು ಹೊರಗಿಡಬೇಡಿ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಹಾಗಾದರೆ 100 ಚದರ ಮೀಟರಿನ ಶಾಲೆಯ ಮಾಳಿಗೆಯ ಮೇಲೆ 550 ಮಿಲಿಮೀಟರ್ ಮಳೆಗೆ 55,000 ಲೀಟರ್ ಬೀಳುತ್ತದೆ, ಐದರಲ್ಲಿ ಒಂದು ಪಾಲು ಪೋಲಾದರೂ 44,000 ಲೀಟರ್ ಉಳಿಯುತ್ತದೆ. ಕುಡಿಯುವ ನೀರಿಗೆ ಟ್ಯಾಂಕರ್ ಕಾಯುವ ಊರಿನ ಮಗು ಈ ಲೆಕ್ಕವನ್ನು ಮನೆಗೆ ಹೋಗಿ ಹೇಳದೆ ಇರುವುದಿಲ್ಲ.

ಇಲಾಖೆಯಿಂದ ಬರುವ ಸಾಮಗ್ರಿ ಹೆಚ್ಚಾಗಿ ತೆಲುಗಿನಲ್ಲಿಯೋ ಇಂಗ್ಲಿಷಿನಲ್ಲಿಯೋ ಇರುವುದರಿಂದ, ಈ ಪಾಠಗಳನ್ನು ಕನ್ನಡದಲ್ಲಿ ಅಚ್ಚುಕಟ್ಟಾಗಿ ಬರೆಯಿಸಿ ಪ್ರತಿ ಶಾಲೆಗೂ ನಕಲು ಕೊಡಬೇಕು.

ಸಸಿ ನೆಡುವುದಾದರೆ ಜುಲೈಯಲ್ಲಿ ಹದ ಮಳೆ ಬಿದ್ದ ಮೇಲೆ, ಮೊದಲು ತಡೆ ಕಟ್ಟಿ, ಹೊಂಗೆ, ಬೇವು, ಸೀತಾಫಲ, ಬಾರಿ ಮುಂತಾದ ಒಣನೆಲದ ಗಿಡಗಳನ್ನಷ್ಟೇ ನೆಡಿ. ಪ್ರತಿ ಸಸಿಯ ಪಕ್ಕದಲ್ಲಿ ಒಂದು ಮಣ್ಣಿನ ಮಡಕೆಯನ್ನು ಕತ್ತಿನವರೆಗೆ ಹೂತು ನೀರು ತುಂಬಿ ಮುಚ್ಚಿದರೆ ಅದು ನಿಧಾನವಾಗಿ ಜಿನುಗಿ ಬೇರಿಗೆ ತಲುಪುತ್ತದೆ. ನೋಡಿಕೊಳ್ಳಲು ಆಗುವಷ್ಟು ಸಸಿಗಳನ್ನು ಮಾತ್ರ ನೆಡುವುದು ಸರಿ. ನೂರು ನೆಟ್ಟು ಫೋಟೋ ತೆಗೆದು ಬಿಡುವುದರಿಂದ ಮಕ್ಕಳು ಕಲಿಯುವುದು ಕೆಟ್ಟ ಪಾಠ.

ಮುಂದಿನ ಒಂದು ವರ್ಷದ ದಾಖಲೆ

ಕಾರ್ಯಾಗಾರದಿಂದ ಹೊರಡುವಾಗ ಪ್ರತಿ ಶಾಲೆಗೂ ಒಂದು ದಪ್ಪ ರಿಜಿಸ್ಟರ್ ಕೊಡಿ. ಬಾಟಲಿಯಿಂದ ಮಾಡಿದ ಮಳೆಮಾಪಕವನ್ನು ಹವಾಮಾನ ಇಲಾಖೆಯವರಂತೆ ಬೆಳಿಗ್ಗೆ 8.30ಕ್ಕೆ ನೋಡಿ ಬರೆಯುವುದು, ಆ ದಿನ ಯಾವ ಮಳೆ ನಕ್ಷತ್ರ ಎಂಬುದನ್ನು ಪಕ್ಕದಲ್ಲಿ ದಾಖಲಿಸುವುದು, ವಾರಕ್ಕೊಮ್ಮೆ ಮರಳ ಬಾಟಲಿಗಳ ತೂಕ, ದಿಬ್ಬದ ಅಂಚಿನಲ್ಲಿ ನೆಟ್ಟ ಗೂಟದಿಂದ ಮರಳು ಸರಿದ ದೂರ, ಇಷ್ಟು ಕಲಮುಗಳು ಸಾಕು. ಒಂದು ದಿನ 2.5 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಮಳೆಯಾದರೆ ಅದನ್ನು ಮಳೆಯ ದಿನವೆಂದು ಎಣಿಸಬೇಕು. ಬರೆಯುವ ಜವಾಬ್ದಾರಿ ಮಕ್ಕಳದು, ಶನಿವಾರ ಸಹಿ ಹಾಕುವುದು ಶಿಕ್ಷಕರದು.

ಈ ಸೀಮೆಯಲ್ಲಿ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರಿನಲ್ಲಿ. ಅದು ಕಳೆದ ಮೇಲೆ, ದೀಪಾವಳಿಗೆ ಮುಂಚೆ, ಅದೇ ಶಿಕ್ಷಕರನ್ನು ಅರ್ಧ ದಿನ ಮತ್ತೆ ಸೇರಿಸಿ ಎಲ್ಲ ರಿಜಿಸ್ಟರುಗಳನ್ನೂ ಒಂದೇ ಮೇಜಿನ ಮೇಲೆ ತೆರೆದಿಟ್ಟು ಹೋಲಿಸಬೇಕು. ಎಲ್ಲಿ ಮಾಪನ ನಿಂತಿತು, ಏಕೆ ನಿಂತಿತು ಎಂಬುದನ್ನು ದೂಷಣೆಯಿಲ್ಲದೆ ಕೇಳಿ ತಿಳಿದು, ಬಾಟಲಿ ಒಡೆದಿದ್ದರೆ ಅಲ್ಲಿಯೇ ಹೊಸದನ್ನು ಮಾಡಿಕೊಡಬೇಕು. ಶಿಕ್ಷಕರಿಗೆ ವರ್ಗಾವಣೆಯಾದಾಗ ಈ ರಿಜಿಸ್ಟರನ್ನು ಶಾಲೆಯ ಇತರ ದಾಖಲೆಗಳ ಪಟ್ಟಿಯಲ್ಲಿ ಸೇರಿಸಿ, ಸಹಿ ಪಡೆದು, ಮುಂದಿನವರಿಗೆ ಒಪ್ಪಿಸುವಂತೆ ಮುಖ್ಯೋಪಾಧ್ಯಾಯರಿಂದ ಅಂದೇ ಒಪ್ಪಿಗೆ ಬರೆಯಿಸಿಕೊಳ್ಳಿ.